ಘಟ್ಟ ಹತ್ತಿ ಬಂದ ಉಪ್ಪು: ಆಗುಂಬೆ ಕಡೆಯ ತೋಟವೊಂದರಲ್ಲಿ ರೋಪು ತುಂಡಾದ ಪ್ರಕರಣ

ಆಗುಂಬೆ ಹೋಬಳಿಯ ಒಂದು ಅಡಿಕೆ ತೋಟ. ಮನೆ ಮೇಲೆ, ತೋಟ ಕೊಳ್ಳದಲ್ಲಿ, ನಡುವೆ ಕಡಿದಾದ ದರೆ. ಅಡಿಕೆ ಕೊನೆ (ಗೊನೆ) ಹೊತ್ತು ದರೆ ಹತ್ತುವ ಜನ ಸಿಗದೆ ಹೋದಾಗ ಯಜಮಾನರಾದ ಗೌಡರು ಕೊಳ್ಳದ ತಳದಿಂದ ಅಂಗಳದ ಅಂಚಿಗೆ ಒಂದು ಸಣ್ಣ ರೋಪ್‌ವೇ ಹಾಕಿಸಿದರು. ಸುಮಾರು 120 ಮೀಟರ್ ಉದ್ದ. 12 ಮಿ.ಮೀ. ದಪ್ಪದ ಒಂದು ಉಕ್ಕಿನ ರೋಪನ್ನು ಎರಡೂ ತುದಿಗೆ ಬಿಗಿದಿದ್ದಾರೆ, ಅದರ ಮೇಲೆ ರಾಟೆ ಹಾಕಿದ ಟ್ರಾಲಿ ಓಡುತ್ತದೆ. ಇನ್ನೊಂದು ತೆಳು ರೋಪು ಟ್ರಾಲಿಯನ್ನು ಮೇಲಿನ ವಿಂಚಿಗೆ ಎಳೆಯುತ್ತದೆ. ಘಟ್ಟದ ಮೇಲೆ ಹೀಗೆ ಹಾಕಿಸಿಕೊಂಡವರು ಈಗ ಅಲ್ಲಲ್ಲಿ ಇದ್ದಾರೆ.

ಎರಡನೇ ವರ್ಷದ ಅಡಿಕೆ ಕೊಯ್ಲಿನಲ್ಲಿ, ಒಂದು ಬೆಳಿಗ್ಗೆ, ಟ್ರಾಲಿ ನಡುದಾರಿಗೆ ಬಂದಾಗ ಆ ದಪ್ಪ ರೋಪು ತುಂಡಾಯಿತು. ಟ್ರಾಲಿ, ಕೊನೆ ಎಲ್ಲ ಸೇರಿ ಎರಡೂವರೆ ಕ್ವಿಂಟಲ್ ಭಾರ ತೋಟಕ್ಕೆ ಬಿತ್ತು. ಎರಡು ಅಡಿಕೆ ಮರ ಮುರಿದವು. ರೋಪಿನ ಬಿಡುಗಡೆಯಾದ ತುದಿ ಬೀಸಿ ಬಂದು ಪಂಪ್‌ಹೌಸಿನ ಗೋಡೆಯ ಗಾರೆ ಕಿತ್ತುಕೊಂಡು ಹೋಯಿತು. ಯಾರಿಗೂ ಏನೂ ಆಗಲಿಲ್ಲ. ಆದರೆ ಹಿಂದಿನ ದಿನ ಸಂಜೆ ಕೆಲಸದವರಿಬ್ಬರು ಇದೇ ಟ್ರಾಲಿಯಲ್ಲಿ ಕೂತು ಕೆಳಗಿಳಿದಿದ್ದರು ಅಂತ ಆಮೇಲೆ ಗೊತ್ತಾಯಿತು.

ತೋಟಗಳ ಪಂಪು, ವಿಂಚು, ರೋಪ್‌ವೇ ರಿಪೇರಿ ನನ್ನ ಕೆಲಸ. ಮಾರನೇ ದಿನ ಕರೆ ಬಂತು. ಹೋಗುವಷ್ಟರಲ್ಲಿ ಅಲ್ಲಿ ಮೂರು ತೀರ್ಪು ತಯಾರಾಗಿದ್ದವು. ಭಾರ ಜಾಸ್ತಿ ಹಾಕಿದ್ದರು ಅಂತ ಗೌಡರ ಅಳಿಯ. ರೋಪಿನ ತುದಿ ಹಿಡಿದಿಡುವ ಕ್ಲಾಂಪು ಉಲ್ಟಾ ಹಾಕಿದ್ದೇ ಕಾರಣ ಅಂತ ವೆಲ್ಡರ್. ಗೌಡರದ್ದು ಒಂದೇ ಮಾತು: "ಎಂತ ಮಾರಾಯ್ರೆ, ಮೊನ್ನೆ ಗ್ರೀಸು ಹಚ್ಚಿದ ರೋಪು, ಹೊಸದರ ಹಾಗೆ ಇತ್ತು."

ಮೂರೂ ಮಾತಿನಲ್ಲಿ ಸ್ವಲ್ಪ ಸತ್ಯ ಇತ್ತು. ಕೆಳಗಿನ ತುದಿಯಲ್ಲಿ ಒಂದು ಯು-ಕ್ಲಾಂಪು ಉಲ್ಟಾ ಇದ್ದದ್ದು ನಿಜ. ಆದರೆ ರೋಪು ತುಂಡಾದದ್ದು ಕ್ಲಾಂಪಿನ ಹತ್ತಿರ ಅಲ್ಲ. ಅಲ್ಲಿಂದ ಒಂದು ಮಾರು ಮೇಲೆ, ಕಬ್ಬಿಣದ ಕಂಬದ ತಲೆಯ ಮೇಲೆ ರೋಪು ಹಾದುಹೋಗುವ ಕಡೆ. ಕಂಬಕ್ಕೆ ಉಜ್ಜಿ ಸವೆಯಬಾರದು ಅಂತ ಅಲ್ಲಿ ಸೈಕಲ್ ಟ್ಯೂಬು ಬಿಗಿಯಾಗಿ ಸುತ್ತಿದ್ದರು.

ರೋಪು ಎಲ್ಲಿಂದ ಬಂತು

ಮೊದಲು ಕೇಳಬೇಕಾದ ಪ್ರಶ್ನೆ ಇದು. ಆ ರೋಪು ಕರಾವಳಿಯ ಒಂದು ಗುಜರಿ ಅಂಗಡಿಯಿಂದ ಕಿಲೋ ಲೆಕ್ಕದಲ್ಲಿ ಬಂದದ್ದು. ಅದಕ್ಕೂ ಮೊದಲು ಅದು ಟ್ರಾಲ್ ಬೋಟಿನಲ್ಲಿತ್ತು, ಬಲೆ ಎಳೆಯುವ ರೋಪು. ನಮ್ಮ ಕರಾವಳಿಯಲ್ಲಿ ಜೂನ್ 1ರಿಂದ ಜುಲೈ 31ರವರೆಗೆ 61 ದಿನ ಯಾಂತ್ರಿಕ ಮೀನುಗಾರಿಕೆಗೆ ನಿಷೇಧ ಇರುತ್ತದೆ. ಆಗ ಬೋಟುಗಳು ದಡಕ್ಕೆ ಬರುತ್ತವೆ, ರಿಪೇರಿ ನಡೆಯುತ್ತದೆ, ಹಳೇ ರೋಪು ತೆಗೆದು ಹೊಸದು ಸುತ್ತುತ್ತಾರೆ. ತೆಗೆದದ್ದು ಗುಜರಿಗೆ ಹೋಗುತ್ತದೆ. ನೂರಾರು ಮೀಟರ್ ಉದ್ದ, ಜೋಡಣೆ ಇಲ್ಲದ ಒಂದೇ ತುಂಡು, ಹೊಸದಕ್ಕಿಂತ ಎಷ್ಟೋ ಅಗ್ಗ. ತೋಟದವರ ಕಣ್ಣಿಗೆ ಬೀಳದೆ ಇರುತ್ತದಾ? ಗೌಡರು ಮತ್ತು ಹಳ್ಳದ ಆಚೆಯ ಮನೆಯವರು ಸೇರಿ ಒಂದು ಸುರುಳಿ ತಂದು ಹಂಚಿಕೊಂಡಿದ್ದರು. ಗುಜರಿಯವನು ಮೇಲಿಂದ ಕಪ್ಪು ಗ್ರೀಸು ಮೆತ್ತಿ ಕೊಟ್ಟಿದ್ದ.

ತಂದದ್ದು ಜುಲೈನಲ್ಲಿ. ಕೊಟ್ಟಿಗೆಯ ಮಾಡಿನಡಿ ಸುರುಳಿ ಮಳೆಗಾಲ ಕಳೆಯಿತು. ದೀಪಾವಳಿ ಆದ ಮೇಲೆ ಕಟ್ಟಿದರು. ಒಂದು ಕೊಯ್ಲು ಮುಗಿಯಿತು, ಇನ್ನೊಂದು ಮಳೆಗಾಲ ಹೋಯಿತು, ಎರಡನೇ ಕೊಯ್ಲಿಗೆ ತುಂಡಾಯಿತು.

"ಸಮುದ್ರ ಬಿಟ್ಟು ಇಷ್ಟು ದೂರ ಬಂದಾಯ್ತಲ್ಲ, ಇಲ್ಲಿ ಯಾವ ಉಪ್ಪುಗಾಳಿ?" ಅಂತ ಗೌಡರು ಕೇಳಿದರು. ಸರಿಯಾದ ಪ್ರಶ್ನೆ. ಕಡಲಿನ ಗಾಳಿಯಲ್ಲಿ ತೇಲುವ ಉಪ್ಪು ದಡದಿಂದ ಕೆಲವೇ ಕಿಲೋಮೀಟರ್ ಒಳಗೆ ಬಹಳಷ್ಟು ಕೆಳಗೆ ಬಿದ್ದುಹೋಗುತ್ತದೆ. ಸೋಮೇಶ್ವರದಿಂದ ಆಗುಂಬೆ ಘಾಟಿ ಹತ್ತಿ ಬರುವ ಉಪ್ಪು ಲೆಕ್ಕಕ್ಕೆ ಸಿಗುವಷ್ಟಿಲ್ಲ. ಈ ರೋಪಿನ ಉಪ್ಪು ಗಾಳಿಯಲ್ಲಿ ಬರಲಿಲ್ಲ, ರೋಪಿನ ಹೊಟ್ಟೆಯಲ್ಲೇ ಕೂತು ಲಾರಿಯಲ್ಲಿ ಬಂತು.

ಬಿಚ್ಚಿ ನೋಡಿದಾಗ

ಇದು ಆರು ಎಳೆಯ ರೋಪು. ಒಂದೊಂದು ಎಳೆಯಲ್ಲಿ 19 ತಂತಿ, ಒಟ್ಟು 114. ಆರು ಎಳೆಗಳ ನಡುವೆ ಒಂದು ನಾರಿನ ಹುರಿ. ಹೊಸತರಲ್ಲಿ ಆ ಹುರಿ ಎಣ್ಣೆ ಕುಡಿದಿರುತ್ತದೆ. ರೋಪು ಬಿಗಿಯಾದಾಗಲೆಲ್ಲ ಎಣ್ಣೆ ಹೊರಗೆ ಜಿನುಗಿ ತಂತಿಗಳ ನಡುವೆ ಹರಡುತ್ತದೆ.

ಮೊದಲು ವರ್ನಿಯರ್ ಹಿಡಿದೆ. ಅಳೆಯುವಾಗ ಎಳೆಯ ಉಬ್ಬಿನಿಂದ ಎದುರಿನ ಉಬ್ಬಿಗೆ ಹಿಡಿಯಬೇಕು, ತಗ್ಗಿಗೆ ಹಿಡಿದರೆ ಲೆಕ್ಕ ತಪ್ಪುತ್ತದೆ. ನಡುವಿನಲ್ಲಿ 11.7 ಮಿ.ಮೀ. ಬಂತು. ತುಂಡಾದ ಜಾಗದ ಪಕ್ಕದಲ್ಲಿ 11.6. ಕ್ರೇನ್ ರೋಪುಗಳ ತಪಾಸಣೆಗೆ ಇರುವ ಐಎಸ್‌ಒ 4309 ಪ್ರಕಾರ ನಾರಿನ ಹುರಿಯ ರೋಪು ಶೇ 10ರಷ್ಟು ಸಣಕಲಾದರೆ ತೆಗೆದುಹಾಕಬೇಕು, ಉಕ್ಕಿನ ತಿರುಳಿನದಾದರೆ ಶೇ 7.5ಕ್ಕೆ. ಇಲ್ಲಿ ಕಡಿಮೆಯಾದದ್ದು ಶೇ 3ರ ಆಸುಪಾಸು. ಅಂದರೆ ವರ್ನಿಯರ್ ಪ್ರಕಾರ ರೋಪು ಪಾಸು!

ಆಮೇಲೆ ಸೈಕಲ್ ಟ್ಯೂಬು ಸೀಳಿದೆವು. ಒಳಗಿಂದ ಕಂದು ನೀರು ಇಳಿಯಿತು. ಮಳೆ ನಿಂತು ಎಷ್ಟೋ ದಿನ ಆಗಿತ್ತು, ಆದರೂ ನೀರು. ರೋಪಿನ ತಿರುಚಿಗೆ ಎದುರಾಗಿ ತಿರುಗಿಸಿ ಎಳೆಗಳ ನಡುವೆ ಒಂದು ಚೂಪು ಸರಳು ತೂರಿಸಿ ಅಗಲಿಸಿದರೆ ಕೆಂಪು ಪುಡಿ ಸುರಿಯಿತು. ಹೊರಗಿನ ತಂತಿಯ ಗ್ರೀಸು ಹಚ್ಚಿದ ಮುಖ ಚೆನ್ನಾಗಿಯೇ ಇತ್ತು. ಅದೇ ತಂತಿಯ ಒಳಮುಖದಲ್ಲಿ ಹುಳ ತಿಂದ ಹಾಗೆ ಸಣ್ಣ ಸಣ್ಣ ಗುಳಿಗಳು. ಒಳಗಿನ ಹುರಿಯಲ್ಲಿ ಎಣ್ಣೆಯ ಪಸೆ ಇಲ್ಲ, ಬೆರಳಲ್ಲಿ ಉಜ್ಜಿದರೆ ತುಂಡು ತುಂಡಾಗಿ ಉದುರುತ್ತಿತ್ತು.

ತುಕ್ಕು ಕೆರೆದು ತೆಗೆದು ತಂತಿಗಳನ್ನು ಮೈಕ್ರೋಮೀಟರಿನಲ್ಲಿ ಅಳೆದೆ. ಈ ರೋಪಿನ ತಂತಿ ಹೊಸತರಲ್ಲಿ 0.8 ಮಿ.ಮೀ.ಗೆ ತುಸು ಕಡಿಮೆ ಇರುತ್ತದೆ. ಹೊರಗಿನವು 0.7ಕ್ಕೆ ಇಳಿದಿದ್ದವು, ಒಳಗಿನ ಕೆಲವು 0.6ಕ್ಕೆ. ವರ್ನಿಯರ್ ಯಾಕೆ ಹೇಳಲಿಲ್ಲ ಅಂದರೆ, ಕಬ್ಬಿಣ ತುಕ್ಕಾದಾಗ ಅದರ ಗಾತ್ರ ಕೆಲವು ಪಟ್ಟು ಜಾಸ್ತಿಯಾಗುತ್ತದೆ. ತಂತಿ ಕರಗಿದ ಜಾಗವನ್ನು ತುಕ್ಕು ತುಂಬಿಕೊಂಡಿತ್ತು. ಸುತ್ತಳತೆ ಹಾಗೇ ಉಳಿದು ಒಳಗೆ ಉಕ್ಕು ಮಾತ್ರ ಖಾಲಿಯಾಗಿತ್ತು.

ತುಂಡಾದ ತುದಿಯಲ್ಲಿ ಇನ್ನೊಂದು ಸಾಕ್ಷಿ. ಈಗ ತಾನೇ ಎಳೆತಕ್ಕೆ ತುಂಡಾದ ತಂತಿಯ ತುದಿ ಸಣ್ಣಗೆ ಜಗ್ಗಿದ ಹಾಗಿದ್ದು ಹೊಳೆಯುತ್ತದೆ. ಮೊದಲೇ ಮುರಿದದ್ದರ ತುದಿ ಕಂದಾಗಿರುತ್ತದೆ. 114ರಲ್ಲಿ ಹೊಳೆಯುತ್ತಿದ್ದವು 60ರ ಆಸುಪಾಸು. ಉಳಿದವು ಎಂದೋ ಮುರಿದುಹೋಗಿದ್ದವು, ಗ್ರೀಸಿನ ಅಡಿಯಲ್ಲಿ, ಟ್ಯೂಬಿನ ಒಳಗೆ.

ಮೊರ್ಬಿಯ ನೆನಪಾಯಿತು. 2022ರ ಅಕ್ಟೋಬರ್ 30ರಂದು ಗುಜರಾತಿನ ಮೊರ್ಬಿಯಲ್ಲಿ ತೂಗುಸೇತುವೆ ಕುಸಿದು 135 ಜನ ಸತ್ತರು. ಅಲ್ಲಿ ತನಿಖಾ ತಂಡ ನೋಡಿದಾಗ ಮುಖ್ಯ ಕೇಬಲ್ಲಿನ 49 ತಂತಿಗಳಲ್ಲಿ 22 ಮೊದಲೇ ತುಕ್ಕು ಹಿಡಿದಿದ್ದವು. ಅಲ್ಲಿ ಇನ್ನೂ ಹಲವು ಲೋಪಗಳಿದ್ದವು, ನಮ್ಮ ಪ್ರಕರಣ ಅದರ ಮುಂದೆ ಏನೂ ಅಲ್ಲ. ತಂತಿಗಳು ಕೈಕೊಡುವ ರೀತಿ ಮಾತ್ರ ಒಂದೇ.

ಉಪ್ಪಿನ ಅನುಮಾನ ಖಾತ್ರಿ ಮಾಡಿಕೊಳ್ಳಬೇಕಿತ್ತು. ಒಳಗಿನ ಹುರಿಯ ಒಂದು ತುಂಡನ್ನು ಡಿಸ್ಟಿಲ್ಡ್ ವಾಟರ್‌ನಲ್ಲಿ ನೆನೆಸಿಟ್ಟು, ಆ ನೀರನ್ನು ಸೋಸಿ, ಪಿಯು ಕಾಲೇಜಿನಲ್ಲಿ ಕೆಮಿಸ್ಟ್ರಿ ಪಾಠ ಮಾಡುವ ಗೆಳೆಯನ ಕೈಗೆ ಕೊಟ್ಟೆ. ಅವನು ಸಿಲ್ವರ್ ನೈಟ್ರೇಟ್ ಹನಿ ಹಾಕಿದ ಕೂಡಲೇ ನೀರು ಹಾಲಿನಂತೆ ಬೆಳ್ಳಗಾಯಿತು. ಕ್ಲೋರೈಡ್ ಇದ್ದರೆ ಹೀಗಾಗುತ್ತದೆ. ಪಕ್ಕದಲ್ಲಿ ತೋಟದ ಹಳ್ಳದ ನೀರಿಗೆ ಅಷ್ಟೇ ಹನಿ ಹಾಕಿದ, ತುಸು ಮಸುಕಾದದ್ದು ಬಿಟ್ಟರೆ ಏನೂ ಇಲ್ಲ. ಎರಡು ಮಳೆಗಾಲ ಕಂಡ ಮೇಲೂ ಉಪ್ಪು ಒಳಗೇ ಇತ್ತು.

ಉಪ್ಪು ಒಳಗೆ ಮಾಡಿದ್ದೇನು

ಕಡಲ ನೀರಿನ ಒಂದು ಲೀಟರಿನಲ್ಲಿ ಸುಮಾರು 35 ಗ್ರಾಂ ಉಪ್ಪು. ಬಲೆಯ ರೋಪು ದಿನವೂ ಅದರಲ್ಲಿ ಮುಳುಗುತ್ತದೆ, ಒದ್ದೆಯಲ್ಲೇ ಡ್ರಮ್ಮಿಗೆ ಸುತ್ತಿಕೊಳ್ಳುತ್ತದೆ. ಬಿಸಿಲಿಗೆ ನೀರು ಆರುತ್ತದೆ, ಉಪ್ಪು ಉಳಿಯುತ್ತದೆ. ಮತ್ತೆ ಮುಳುಗುತ್ತದೆ, ಮತ್ತೆ ಆರುತ್ತದೆ. ನಾರಿನ ಹುರಿ ಇದನ್ನೆಲ್ಲ ಹೀರಿ ಇಟ್ಟುಕೊಳ್ಳುತ್ತದೆ. ಎಣ್ಣೆ ತೊಳೆದುಹೋದ ಜಾಗಕ್ಕೆ ಉಪ್ಪುನೀರು ಬಂದು ಕೂರುತ್ತದೆ.

ಉಕ್ಕಿಗೆ ತುಕ್ಕು ಹಿಡಿಯಬೇಕಾದರೆ ಕರೆಂಟು ಹರಿಯಬೇಕು. ತಂತಿಯ ಒಂದು ಜಾಗದಲ್ಲಿ ಕಬ್ಬಿಣ ಕರಗಿ ಇಲೆಕ್ಟ್ರಾನ್ ಬಿಡುತ್ತದೆ, ಇನ್ನೊಂದು ಜಾಗದಲ್ಲಿ ನೀರು ಮತ್ತು ಆಮ್ಲಜನಕ ಸೇರಿ ಅದನ್ನು ತೆಗೆದುಕೊಳ್ಳುತ್ತವೆ. ಈ ಎರಡರ ನಡುವೆ ನೀರಿನ ಮೂಲಕ ಕರೆಂಟು ದಾಟಬೇಕು. ಮಳೆನೀರು ಅಷ್ಟು ಸುಲಭಕ್ಕೆ ದಾಟಿಸುವುದಿಲ್ಲ, ಉಪ್ಪುನೀರು ಚೆನ್ನಾಗಿ ದಾಟಿಸುತ್ತದೆ. ಅದರ ಜೊತೆಗೆ ಉಪ್ಪಿನ ಕ್ಲೋರೈಡು ಉಕ್ಕಿನ ಮೇಲೆ ತಾನಾಗಿ ಕಟ್ಟುವ ತೆಳು ಪೊರೆಯನ್ನು ಚುಚ್ಚುತ್ತದೆ. ಅದಕ್ಕೇ ಗುಳಿಗಳು. ರೋಪಿನ ಒಳಗೆ ಗಾಳಿ ಕಡಿಮೆ, ಹೊರಗೆ ಜಾಸ್ತಿ. ಇಂಥ ಕಡೆ ಗಾಳಿ ಕಡಿಮೆ ಇರುವ ಭಾಗವೇ ಕರಗುತ್ತದೆ. ಕಣ್ಣಿಗೆ ಕಾಣುವ ಹೊರಮೈ ಗಟ್ಟಿಯಾಗಿ, ಕಾಣದ ಒಳಮೈ ಟೊಳ್ಳಾಗುವುದು ಹೀಗೆ.

ಮುಖ್ಯವಾದ ಮಾತು ಇನ್ನೊಂದಿದೆ. ಈ ಕೆಲಸದಲ್ಲಿ ಕ್ಲೋರೈಡು ಖರ್ಚಾಗುವುದಿಲ್ಲ. ಕಬ್ಬಿಣವನ್ನು ಕರಗಿಸಿ, ತುಕ್ಕು ಮಾಡಿ, ಮತ್ತೆ ಬಿಡುಗಡೆಯಾಗಿ ಮುಂದಿನ ಕಬ್ಬಿಣಕ್ಕೆ ಹೋಗುತ್ತದೆ. ಒಮ್ಮೆ ಒಳಗೆ ಬಂದ ಉಪ್ಪು ನೀರು ಸಿಕ್ಕಷ್ಟು ದಿನವೂ ದುಡಿಯುತ್ತಲೇ ಇರುತ್ತದೆ.

ನೀರು ಎಲ್ಲಿಂದ? ನಮ್ಮ ಕಡೆ ಅದನ್ನು ಕೇಳಬೇಕಾ! ಆಗುಂಬೆಯಲ್ಲಿ ವರ್ಷಕ್ಕೆ 7,000 ಮಿ.ಮೀ. ದಾಟುವ ಮಳೆ. ಆದರೆ ಇಲ್ಲಿ ಮಳೆಯೇ ಬೀಳಬೇಕೆಂದಿಲ್ಲ. ಗಾಳಿಯ ತೇವಾಂಶ ಶೇ 75 ದಾಟಿದರೆ ಅಡುಗೆ ಉಪ್ಪು ತಾನಾಗಿ ನೀರು ಎಳೆದು ಕರಗುತ್ತದೆ. ಕಡಲ ಉಪ್ಪಿನಲ್ಲಿ ಬೆರೆತಿರುವ ಮೆಗ್ನೀಸಿಯಂ ಕ್ಲೋರೈಡಿಗೆ ಶೇ 33ರ ಆಸುಪಾಸು ಸಾಕು. ಆಷಾಢದಲ್ಲಿ ಮಲೆನಾಡಿನ ಅಡುಗೆಮನೆಯ ಕಲ್ಲುಪ್ಪಿನ ಭರಣಿ ಮುಚ್ಚಿಟ್ಟರೂ ತಳದಲ್ಲಿ ನೀರೂರುತ್ತದಲ್ಲ, ಇದೇ ಕಾರಣಕ್ಕೆ. ಕೊಟ್ಟಿಗೆಯ ಮಾಡಿನಡಿ ಒಂದು ಹನಿ ಮಳೆ ತಾಗದೆ ನೇತಾಡಿದ ಸುರುಳಿಯೊಳಗೂ ಅದೇ ನಡೆಯುತ್ತಿತ್ತು. ಮಳೆಗಾಲ ಮುಗಿದ ಮೇಲೆ ಇಬ್ಬನಿ, ಮಂಜು. ಒಳಗಿನ ಹುರಿ ಆರಲು ಪುರುಸೊತ್ತೇ ಸಿಗಲಿಲ್ಲ. ನನ್ನ ಪ್ರಕಾರ ಇದೇ ರೋಪು ಬಯಲುಸೀಮೆಯ ಒಣ ಊರಿಗೆ ಹೋಗಿದ್ದರೆ ಇನ್ನೂ ಸ್ವಲ್ಪ ಕಾಲ ಬಾಳುತ್ತಿತ್ತು.

ಜಿಂಕ್ ಲೇಪನ ಇರಲಿಲ್ಲವಾ ಅಂತ ಕೇಳಬಹುದು. ಇತ್ತು. ಜಿಂಕ್ ಉಕ್ಕಿಗಿಂತ ಮೊದಲು ತಾನು ಕರಗಿ ಉಕ್ಕನ್ನು ಕಾಯುತ್ತದೆ. ಆದರೆ ಅದು ತೆಳ್ಳಗಿನ ಪದರ. ಬೋಟಿನ ರಾಟೆಗೆ, ಕಡಲ ತಳದ ಮರಳಿಗೆ ಉಜ್ಜಿ, ಉಪ್ಪಿಗೆ ಕರಗಿ, ಗುಜರಿಗೆ ಬರುವಷ್ಟರಲ್ಲಿ ಮುಗಿದಿತ್ತು. ಅಲ್ಲಲ್ಲಿ ಬಿಳಿ ಪುಡಿಯ ಕಲೆ ಮಾತ್ರ ಉಳಿದಿತ್ತು.

ಇಷ್ಟು ಸಣ್ಣ ಸವೆತಕ್ಕೆ ಇಷ್ಟು ದೊಡ್ಡ ಪೆಟ್ಟು ಯಾಕೆ ಅಂತ ಅಳಿಯನಿಗೆ ಅನುಮಾನ. ಲೆಕ್ಕ ಹಾಕಿ ತೋರಿಸಿದೆ. 12 ಮಿ.ಮೀ.ನ ಒಂದೇ ಸರಳಿನ ಸುತ್ತ 0.05 ಮಿ.ಮೀ. ಕರಗಿದರೆ ಹೋಗುವ ಉಕ್ಕು ಶೇ 2ಕ್ಕಿಂತ ಕಡಿಮೆ. ಅದೇ 0.05 ಮಿ.ಮೀ. ಒಂದು 0.8 ಮಿ.ಮೀ. ತಂತಿಯ ಸುತ್ತ ಕರಗಿದರೆ ಶೇ 23 ಹೋಯಿತು. ಕಡಲ ನೀರಿನಲ್ಲಿ ಮುಳುಗಿದ ಸಾದಾ ಉಕ್ಕು ವರ್ಷಕ್ಕೆ 0.1 ಮಿ.ಮೀ. ಆಸುಪಾಸು ಸವೆಯುತ್ತದೆ, ಒದ್ದೆಯಾಗಿ ಆರುವ ಕಡೆ ಅದಕ್ಕಿಂತ ಜಾಸ್ತಿ. ದಪ್ಪ ಪಿಲ್ಲರಿಗೆ ಅದು ಲೆಕ್ಕಕ್ಕಿಲ್ಲ. ರೋಪಿಗೆ ಅದೇ ಆಯುಸ್ಸು.

1834ರಲ್ಲಿ ಜರ್ಮನಿಯ ಹಾರ್ಟ್ಸ್ ಬೆಟ್ಟದ ಗಣಿಗಳಿಗೆ ವಿಲ್ಹೆಲ್ಮ್ ಆಲ್ಬರ್ಟ್ ಕಬ್ಬಿಣದ ತಂತಿಯ ಹಗ್ಗ ತಂದದ್ದು ಸರಪಳಿಯ ಕಾಟಕ್ಕೆ. ಸರಪಳಿಯಲ್ಲಿ ಒಂದು ಕೊಂಡಿ ಹೋದರೆ ಎಲ್ಲ ಹೋಯಿತು. ರೋಪಿನಲ್ಲಿ ಒಂದು ತಂತಿ ಹೋದರೆ ಪಕ್ಕದವು ಭಾರ ಹಂಚಿಕೊಳ್ಳುತ್ತವೆ, ಮುರಿದ ತಂತಿ ಹೊರಗೆ ಚುಚ್ಚಿಕೊಂಡು ಬಂದು ಎಚ್ಚರಿಸುತ್ತದೆ. ಒಳಗಿಂದ ತಿನ್ನುವ ಉಪ್ಪು ಈ ಎಚ್ಚರಿಕೆಯನ್ನೇ ಕಿತ್ತುಕೊಳ್ಳುತ್ತದೆ. ಹೊರಗೆ ಒಂದು ತಂತಿಯೂ ಚುಚ್ಚಲಿಲ್ಲ ಅಂತ ವಿಂಚಿನ ಹುಡುಗ ಹೇಳಿದ್ದು ಪೂರ್ತಿ ನಿಜ.

ಆ ದಿನವೇ ಯಾಕೆ

ಹೊಸತಿದ್ದಾಗ ಈ ರೋಪು ಸುಮಾರು 8 ಟನ್ನಿಗೆ ತುಂಡಾಗುವಂಥದ್ದು. ಎರಡೂವರೆ ಕ್ವಿಂಟಲ್‌ಗೆ 8 ಟನ್ ಅಂದರೆ ಧಾರಾಳ ಅಂತ ಎಲ್ಲರಿಗೂ ಅನಿಸುತ್ತದೆ. ಆದರೆ ಅಡ್ಡ ಕಟ್ಟಿದ ರೋಪಿನ ಎಳೆತ ಭಾರದಷ್ಟೇ ಇರುವುದಿಲ್ಲ. 120 ಮೀಟರ್ ಉದ್ದಕ್ಕೆ ನಡುವಿನಲ್ಲಿ 3 ಮೀಟರ್ ಜೋಲು ಇದ್ದರೆ ಎಳೆತ ಭಾರದ ಹತ್ತು ಪಟ್ಟು. ಅಂದರೆ ಎರಡೂವರೆ ಟನ್, ರೋಪಿನ ಸ್ವಂತ ತೂಕದ್ದು ಸೇರಿ 2.8. ಇಳಿಜಾರಿಗೆ ಲೆಕ್ಕ ತುಸು ಬದಲಾಗುತ್ತದೆ, ಅಂದಾಜಿಗೆ ಇದು ಸಾಕು.

ತುಂಡಾಗುವ ಒಂದು ವಾರ ಮೊದಲು ಟ್ರಾಲಿ ಅಡಿಕೆ ಮರದ ತಲೆಗೆ ತಾಗುತ್ತದೆ ಅಂತ ರೋಪನ್ನು ಇನ್ನಷ್ಟು ಬಿಗಿದಿದ್ದರು. ಜೋಲು ಎರಡೂವರೆ ಮೀಟರಿಗೆ ಬಂತು. ಎಳೆತ 3.4 ಟನ್ನಿಗೆ ಏರಿತು. ಉಳಿದ 60 ತಂತಿ, ಅವುಗಳ ಸಣಕಲು ಮೈ ಲೆಕ್ಕ ಹಿಡಿದರೆ ಆ ಜಾಗದಲ್ಲಿ ತಾಳಬಹುದಾದದ್ದು 3 ಟನ್ನಿನ ಆಸುಪಾಸು. ಟ್ರಾಲಿ ನಡುವಿಗೆ ಬಂದಾಗ ಎಳೆತ ಅತಿ ಜಾಸ್ತಿ. ಹರಿದದ್ದು ಮಾತ್ರ ಎಲ್ಲಿ ಬಡವಾಗಿತ್ತೋ ಅಲ್ಲಿ.

ಬಡವಾದದ್ದು ಆ ಜಾಗವೇ ಯಾಕೆ ಅನ್ನುವುದಕ್ಕೆ ಕಾರಣ ಸರಳ. ರೋಪಿನ ಒಳಗಿಳಿದ ನೀರು ಇಳಿಜಾರಿನಲ್ಲಿ ಕೆಳತುದಿಗೆ ಹರಿಯುತ್ತದೆ, ಹೋಗುವಾಗ ಮೇಲಿನ ಉಪ್ಪನ್ನೂ ಒಯ್ಯುತ್ತದೆ. ಕೆಳಗೆ ಸೈಕಲ್ ಟ್ಯೂಬು ಅದನ್ನು ಹಿಡಿದು ನಿಲ್ಲಿಸಿತು. ಜೊತೆಗೆ ಕಂಬದ ಮೇಲೆ ರೋಪು ಬಾಗುತ್ತದೆ, ಟ್ರಾಲಿ ಓಡಿದಾಗಲೆಲ್ಲ ಅಲ್ಲೇ ಅದುರುತ್ತದೆ. ಗುಳಿ ಬಿದ್ದ ತಂತಿ ಹೀಗೆ ಬಾಗಿ ಬಾಗಿ ಗುಳಿಯಿಂದಲೇ ಸೀಳುತ್ತದೆ. ಒಳ್ಳೇದಕ್ಕೆ ಅಂತ ಸುತ್ತಿದ ಟ್ಯೂಬೇ ಕೆಡಿಸಿತು. ಗ್ರೀಸೂ ಅಷ್ಟೇ. ಒದ್ದೆ ಉಪ್ಪಿನ ಮೇಲೆ ದಪ್ಪ ಗ್ರೀಸು ಮೆತ್ತಿದರೆ ಅದು ಒಳಗೆ ಇಳಿಯುವುದಿಲ್ಲ, ಮುಚ್ಚಳದ ಹಾಗೆ ಕೂರುತ್ತದೆ.

ಮುಂದೇನು ಮಾಡಿದೆವು

ಉಳಿದ ರೋಪನ್ನು ಹಳ್ಳದ ನೀರಲ್ಲಿ ಚೆನ್ನಾಗಿ ತೊಳೆದು ಮತ್ತೆ ಕಟ್ಟಬಹುದಾ ಅಂತ ಗೌಡರು ಕೇಳಿದರು. ಬೇಡ ಅಂದೆ. ಕಡಲಿನಿಂದ ಎತ್ತಿದ ಹಳೇ ಕಬ್ಬಿಣದ ಫಿರಂಗಿಗಳನ್ನು ಮ್ಯೂಸಿಯಂನವರು ಕ್ಷಾರದ ದ್ರಾವಣದಲ್ಲಿ ತಿಂಗಳುಗಟ್ಟಲೆ, ಕೆಲವೊಮ್ಮೆ ವರ್ಷಗಟ್ಟಲೆ ನೆನೆಸಿಡುತ್ತಾರೆ, ತುಕ್ಕಿನೊಳಗೆ ಸಿಕ್ಕಿಕೊಂಡ ಕ್ಲೋರೈಡು ಹೊರಬರಲು ಅಷ್ಟು ಕಾಲ ಬೇಕು. ಸುಮ್ನೆ ಹಳ್ಳದಲ್ಲಿ ಅದ್ದಿ ತೆಗೆದರೆ ಮೈ ಮೇಲಿನದು ಹೋಗುತ್ತದೆ, ಅಷ್ಟೇ. ಹೋದ ಉಕ್ಕಂತೂ ವಾಪಸು ಬರುವುದಿಲ್ಲ.

ಹೊಸ ರೋಪು 14 ಮಿ.ಮೀ., ಗ್ಯಾಲ್ವನೈಸ್ಡ್, ನಾರಿನ ಹುರಿಯ ಬದಲು ಒಳಗೆ ಉಕ್ಕಿನ ತಿರುಳು. ತಾಳಿಕೆ ಹನ್ನೊಂದೂವರೆ ಟನ್ನಿನ ಆಸುಪಾಸು. ಮೇಲಿನ ಕಂಬ ಎತ್ತರಿಸಿ 5 ಮೀಟರ್ ಜೋಲು ಬಿಟ್ಟೆವು. ಟ್ರಾಲಿ ಸೇರಿ ಒಂದೂವರೆ ಕ್ವಿಂಟಲ್ ಮೀರಬಾರದು ಅಂತ ಕಟ್ಟು ಮಾಡಿದೆವು. ಈಗ ಎಳೆತ 1.2 ಟನ್, ತಾಳಿಕೆ ಅದರ ಒಂಬತ್ತು ಪಟ್ಟಿಗಿಂತ ಜಾಸ್ತಿ. ಕಂಬದ ಮೇಲೆ ಟ್ಯೂಬಿಲ್ಲ, ತೋಡು ಕೊರೆದ ಅಗಲದ ರಾಟೆ ಇದೆ, ನೀರು ನಿಲ್ಲುವುದಿಲ್ಲ. ಗ್ರೀಸಿನ ಬದಲು ಒಳಗಿಳಿಯುವ ತೆಳು ರೋಪ್ ಆಯಿಲ್, ಅದೂ ರೋಪು ಒಣಗಿದ ಬೇಸಿಗೆಯಲ್ಲಿ. ಮೇಲಿನ ತುದಿಯಲ್ಲಿ ಸ್ವಲ್ಪ ಹೆಚ್ಚು ಉದ್ದ ಸುತ್ತಿಟ್ಟಿದ್ದೇವೆ. ವರ್ಷಕ್ಕೊಮ್ಮೆ ಕೆಳತುದಿಯಲ್ಲಿ ಒಂದು ಮಾರು ಕತ್ತರಿಸಿ, ಕತ್ತರಿಸಿದ ತುಂಡನ್ನು ಬಿಚ್ಚಿ ಒಳಗೆ ನೋಡುವುದು. ಟ್ರಾಲಿಯಲ್ಲಿ ಜನ ಕೂರುವುದು ಪೂರ್ತಿ ಬಂದ್. ಇದಕ್ಕೆ ಕೆಲಸದವರು ಗೊಣಗಿದರು. ಅವರ ಮಂಡಿನೋವು ಸುಳ್ಳಲ್ಲ, ಆದರೂ ಈ ಒಂದು ವಿಷಯದಲ್ಲಿ ರಾಜಿ ಇಲ್ಲ.

ಇಷ್ಟಾದ ಮೇಲೆ ನೆನಪಾದದ್ದು ಸುರುಳಿಯ ಇನ್ನೊಂದು ಅರ್ಧ. ಹಳ್ಳದ ಆಚೆಯ ಮನೆಯವರು ಅದನ್ನು ತಮ್ಮ ಕಾಲುಸಂಕಕ್ಕೆ ಕಟ್ಟಿದ್ದರು. ಎರಡು ಕಡೆ ಎರಡು ರೋಪು, ಅದರಿಂದ ಇಳಿಬಿಟ್ಟ ಸರಳುಗಳಲ್ಲಿ ಅಡಿಕೆ ದಬ್ಬೆಯ ಹಾಸು. ಶಾಲೆಗೆ ಹೋಗುವ ಮಕ್ಕಳು ಮಳೆಗಾಲದಲ್ಲಿ ದಾಟುವುದು ಅದರ ಮೇಲೇ. ಸಂಜೆಗೇ ಹೋದೆವು. ಮನೆಯ ಹಿರಿಯರು ಒಪ್ಪಲಿಲ್ಲ. "ಕಲ್ಲಿನ ಹಾಗೆ ಗಟ್ಟಿ ಇದೆ, ನೀವೇ ಜಗ್ಗಿ ನೋಡಿ" ಅಂದರು. ಜಗ್ಗಿದರೆ ಗಟ್ಟಿಯೇ ಇತ್ತು. ಅವರ ಎದುರೇ ದಡದ ತುದಿಯಲ್ಲಿ ಎಳೆ ಅಗಲಿಸಿ, ಒಳಗಿನ ಒಂದು ತಂತಿ ಎಬ್ಬಿಸಿ, ಇಕ್ಕಳದಲ್ಲಿ ಹಿಡಿದು ಆ ಕಡೆ ಈ ಕಡೆ ಬಗ್ಗಿಸಿದೆ. ಎರಡನೇ ಸಲಕ್ಕೆ ಟಕ್ ಅಂತ ಮುರಿಯಿತು. ಗೌಡರಿಗೆ ತಂದ ಹೊಸ ರೋಪಿನ ತಂತಿಯನ್ನೂ ಹಾಗೇ ಬಗ್ಗಿಸಿ ತೋರಿಸಿದೆ, ಅದು ಅಷ್ಟು ಸುಲಭಕ್ಕೆ ಮಣಿಯಲಿಲ್ಲ.

ಹಿರಿಯರು ಆ ತುಂಡನ್ನು ಕೈಯಲ್ಲಿ ಹಿಡಿದು ನೋಡಿ, ಮಗನನ್ನು ಕರೆದು ಸಂಕದ ಎರಡೂ ಬಾಯಿಗೆ ಮುಳ್ಳು ಹಾಕಿಸಿದರು. ಮೃಗಶಿರ ಮಳೆಗೆ ಮೊದಲು ಹೊಸ ರೋಪು ಬಂತು. ಎರಡೂ ಮನೆಯ ಹಳೇ ರೋಪನ್ನು ಗ್ರೈಂಡರಿನಲ್ಲಿ ಮೊಳದುದ್ದದ ತುಂಡು ಮಾಡಿಯೇ ಗುಜರಿಗೆ ಕೊಟ್ಟೆವು. ಉದ್ದಕ್ಕೆ ಕೊಟ್ಟಿದ್ದರೆ ಕಿಲೋಗೆ ನಾಲ್ಕು ಕಾಸು ಜಾಸ್ತಿ ಸಿಗುತ್ತಿತ್ತು, ಆದರೆ ಅದು ಮತ್ತೆ ಗ್ರೀಸು ಮೆತ್ತಿಕೊಂಡು ಇನ್ಯಾರದೋ ತೋಟಕ್ಕೆ ಹೋಗುತ್ತಿತ್ತು.